ಬಿಕ್ಕಳಿಕೆಗೆ ಅಜ್ಜಿಯ ಮದ್ದು

ನಮ್ಮ ಕಡೆ ಬಿಕ್ಕಳಿಕೆ ಬಂದರೆ ಮೊದಲು ಕೇಳುವುದು "ಯಾರು ನೆನೆಸಿಕೊಂಡರೋ?" ಎಂದು. ಒಬ್ಬೊಬ್ಬರದೇ ಹೆಸರು ಹೇಳುತ್ತ ಹೋಗಬೇಕು. ಯಾರ ಹೆಸರಿಗೆ ನಿಂತಿತೋ ಅವರೇ ನೆನೆಸಿಕೊಂಡವರು. ಕಳಸದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಮಳೆ ನೋಡುತ್ತ ಕೂತ ನಾವು ಮಕ್ಕಳು ನೆಂಟರ ಹೆಸರೆಲ್ಲ ಮುಗಿಸಿ, ಕೊಟ್ಟಿಗೆಯ ದನಗಳ ಹೆಸರಿಗೆ ಇಳಿಯುತ್ತಿದ್ದೆವು.

ಅಜ್ಜಿ ಅಷ್ಟು ಹೊತ್ತು ಕಾಯುವವರಲ್ಲ. "ಡಬ್ಬಿಯ ಚಕ್ಕುಲಿ ಕದ್ದು ತಿಂದದ್ದು ನೀನೇ ಅಲ್ವೇನೋ?" ಎಂದು ಗದರುತ್ತಿದ್ದರು. ಕದ್ದಿರಲಿ ಬಿಡಲಿ, ಉಸಿರು ಗಕ್ಕನೆ ನಿಲ್ಲುತ್ತಿತ್ತು. ಅದಕ್ಕೂ ಬಗ್ಗದಿದ್ದರೆ ಮೂಗು ಹಿಡಿದು ಏಳು ಗುಟುಕು ನೀರು, ಇಲ್ಲವೇ ಒಂದು ಚಮಚ ಸಕ್ಕರೆ. ತೊಟ್ಟಿಲ ಕೂಸಿಗಾದರೆ ಹಣೆಯ ಮೇಲೊಂದು ಒದ್ದೆ ನೂಲಿನ ಎಳೆ. ಈ ಎಳೆಯಿಂದ ಏನೂ ಆಗದು. ಕೂಸಿನ ಬಿಕ್ಕಳಿಕೆ ತಾನಾಗಿ ನಿಲ್ಲುವ ತನಕ ದೊಡ್ಡವರ ಕೈಗೊಂದು ಕೆಲಸ, ಅಷ್ಟೆ. ವರ್ಷ ತುಂಬದ ಮಗುವಿಗೆ ಜೇನು ಮಾತ್ರ ನೆಕ್ಕಿಸಬೇಡಿ.

ಉಳಿದ ಮದ್ದುಗಳಲ್ಲಿ ಹುರುಳಿದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆಯಿದೆ. ಅದು ಇದ್ದಕ್ಕಿದ್ದಂತೆ ಸೆಟೆದಾಗ ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಕ್ಷಣವೇ ಗಂಟಲಿನ ಧ್ವನಿತಂತುಗಳು ಮುಚ್ಚಿಕೊಳ್ಳುತ್ತವೆ. ಬಾಗಿಲು ಬಡಿದ ಹಾಗಿನ ಆ ಸದ್ದೇ 'ಹಿಕ್'. ಉಸಿರು ಹಿಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಬಿಕ್ಕಳಿಕೆ ತಗ್ಗುತ್ತದೆ. ನೀರು, ಸಕ್ಕರೆಗಳು ಗಂಟಲಿನ ನರಗಳನ್ನು ಕೆಣಕಿ ಬಿಕ್ಕಳಿಕೆಯ ತಾಳ ತಪ್ಪಿಸುತ್ತವೆ ಎಂಬುದು ವೈದ್ಯರ ಊಹೆ. 1971ರಲ್ಲಿ ಅಮೆರಿಕದ ವೈದ್ಯರು 20 ಮಂದಿಗೆ ಒಂದೊಂದು ಚಮಚ ಸಕ್ಕರೆ ನುಂಗಿಸಿ ನೋಡಿದರು. 19 ಮಂದಿಗೆ ನಿಂತಿತು! ಇಪ್ಪತ್ತು ಜನ ಬಹಳ ಕಡಿಮೆಯೇ, ಆದರೂ ಅಜ್ಜಿಗೆ ಅಷ್ಟು ಸಾಕಿತ್ತು. (ಸಕ್ಕರೆ ಕಾಯಿಲೆಯ ಅಜ್ಜ ಅಜ್ಜಿಯರೇ, ನಿಮಗೆ ತಣ್ಣೀರೇ ಸರಿ.)

ಎಲ್ಲ ಬಿಕ್ಕಳಿಕೆಯೂ ಹೀಗೆ ಮಾತು ಕೇಳುವುದಿಲ್ಲ. ಅಮೆರಿಕದ ಚಾರ್ಲ್ಸ್ ಆಸ್ಬರ್ನ್ ಎಂಬವರಿಗೆ 1922ರಲ್ಲಿ ಶುರುವಾದದ್ದು ನಿಂತದ್ದು 1990ರಲ್ಲಿ.

ನಮ್ಮ ಅಜ್ಜನಿಗೆ ಒಂದು ಆಷಾಢದಲ್ಲಿ ಬಿಕ್ಕಳಿಕೆ ಹಿಡಿಯಿತು. ಸಕ್ಕರೆ ಆಯಿತು, ನೀರಾಯಿತು, ಹೆದರಿಸಿದ್ದೂ ಆಯಿತು. ಊಟ ಸೇರದು, ನಿದ್ದೆ ಹತ್ತದು. ಎರಡು ರಾತ್ರಿ ಕಳೆದ ಮೇಲೆ ಅಜ್ಜಿ ಅಪ್ಪನನ್ನು ಕರೆದು, "ನನ್ನ ಮದ್ದೆಲ್ಲ ಮುಗೀತು ಕಣೋ, ಜೀಪು ತರಿಸು" ಎಂದರು. ಸುರಿವ ಮಳೆಯಲ್ಲಿ ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಮುಟ್ಟಿದೆವು. 48 ಗಂಟೆ ಮೀರಿದ ಬಿಕ್ಕಳಿಕೆಯ ಬೇರು ಬೇರೆಲ್ಲೋ ಇರಬಹುದು ಎಂದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ಮೂತ್ರಪಿಂಡ ಸೋಲತೊಡಗಿತ್ತು. ಆ ದಿನವೇ ಗೊತ್ತಾದದ್ದರಿಂದ ಚಿಕಿತ್ಸೆ ಶುರುವಾಯಿತು. ಅಜ್ಜ ಇನ್ನೂ ಆರು ಕಾಫಿ ಕೊಯ್ಲು ನೋಡಿದರು.