ಆಹಾ, ಬೆಂಗಳೂರು ವೆದರ್!

2024ರ ಜೂನ್ 2, ಭಾನುವಾರ. ಅಮ್ಮನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜಯನಗರದಿಂದ ಮನೆಗೆ ವಾಪಸ್ ಬರ್ತಿದ್ದೆ. ಮುಂದಿನ ಮೂರು ಗಂಟೆ ಗುಡುಗು, ಬಿರುಗಾಳಿ ಅಂತ ಫೋನಿಗೆ ಬಂದಿದ್ದ ಎಚ್ಚರಿಕೆಯನ್ನು ಆಫರ್ ಮೆಸೇಜ್ ಥರ ಪಕ್ಕಕ್ಕೆ ತಳ್ಳಿದ್ದೆ.

ಸೆಖೆ ಇದ್ದಕ್ಕಿದ್ದಂತೆ ಮಾಯವಾಗಿ ತಣ್ಣನೆ ಗಾಳಿ ಬೀಸಿತು. ಆಹಾ ಅಂದೆ. (ನಾವೆಲ್ಲ ಈ ಊರಿಗೆ ಇಷ್ಟು ಬಾಡಿಗೆ ಕಟ್ಟೋದು ಇದಕ್ಕೇ ಅಲ್ವಾ?) ಆ ಗಾಳಿ ಎಲ್ಲಿಂದ ಬರುತ್ತೆ ಅಂತ ಆಮೇಲೆ ಓದಿದೆ. ಮಳೆಮೋಡದಿಂದ ಬೀಳೋ ಹನಿಗಳು ದಾರಿಯಲ್ಲೇ ಆವಿಯಾಗುತ್ತಾ ಸುತ್ತಲ ಗಾಳಿಯನ್ನು ತಣ್ಣಗೆ ಮಾಡುತ್ತವೆ. ತಣ್ಣಗಾಗಿ ಭಾರವಾದ ಗಾಳಿ ಕೆಳಕ್ಕೆ ಧುಮುಕಿ, ನೆಲಕ್ಕೆ ಬಡಿದು, ಸುತ್ತಲೂ ನುಗ್ಗುತ್ತೆ. ನಾನು ಸ್ಟೇಟಸ್‌ಗೆ ಹಾಕಬೇಕು ಅಂದ್ಕೊಂಡಿದ್ದ ತಂಪು ಬಿರುಗಾಳಿಯದೇ ಮುಂಚೂಣಿ!

ದಪ್ಪ ಹನಿ ಶುರುವಾದಾಗ ಎಲ್ಲರಂತೆ ನಾನೂ ಗುಲ್‌ಮೊಹರ್ ಮರದ ಕೆಳಗೆ ನಿಲ್ಲಿಸಿದೆ. ಚಂದದ ಮರ, ಆದರೆ ಕೊಂಬೆ ಮೆದು, ಬೇರು ಆಳಕ್ಕಿಳಿಯಲ್ಲ. ಸಿಡಿಲಿಗೆ ಮರದಡಿ ನಿಲ್ಲಬಾರದು ಅನ್ನೋದು ಅಮ್ಮನ ಹಳೇ ಪಾಠ. "ಇದು ಸಿಟಿ ಕಣಮ್ಮ" ಅಂದೆ. ಅವಳು ಉತ್ತರಾನೂ ಕೊಡದೆ, ಸೀರೆ ಎತ್ತಿಕೊಂಡು, ರಸ್ತೆ ದಾಟಿ ಮೆಡಿಕಲ್ ಶಾಪಿನೊಳಗೆ ನಡೆದೇಬಿಟ್ಟಳು. ಗೊಣಗುತ್ತಾ ಹಿಂದೆ ಹೋದೆ.

ಕೊಂಬೆ ಮುರಿದ ಸದ್ದು ಗುಡುಗಿನಲ್ಲಿ ಕೇಳಿಸಲೇ ಇಲ್ಲ. ತಿರುಗಿ ನೋಡಿದರೆ ಸೀಟಿನ ಮೇಲೆ ಮಲಗಿತ್ತು. ಸ್ಕೂಟರ್ ಕಡೆ ಓಡಲು ಹೊರಟವನನ್ನು ಅಂಗಡಿಯವರು ತೋಳು ಹಿಡಿದು ಎಳೆದರು. ಕರೆಂಟ್ ವೈರ್ ಜೋತುಬಿದ್ದಿದ್ದು ನನಗೆ ಕಂಡಿರಲಿಲ್ಲ.

ಅವತ್ತು ಊರಲ್ಲಿ 111 ಮಿಲಿಮೀಟರ್ ಮಳೆ, ಜೂನ್ ತಿಂಗಳ ಒಂದೇ ದಿನದ ದಾಖಲೆ. ಅಮ್ಮ ಬೈಯಲೇ ಇಲ್ಲ. ಆಟೋದಲ್ಲಿ, "ನಿನ್ನ ಹೆಲ್ಮೆಟ್ ನಾನು ತಂದಿದ್ದೀನಿ" ಅಂದಳು, ಅಷ್ಟೇ.