ಎರಡು ಸೇರು ಜೋಳ

ನಮ್ಮ ಮನೆಯ ಟಗರು ಸತ್ತಿದ್ದು 1992ರ ಬಕ್ರೀದ್ ಹಬ್ಬದ ಹಿಂದಿನ ರಾತ್ರಿ. ಮೂವತ್ತು ವರ್ಷಕ್ಕೂ ಹಳೆಯದಾದ ಆ ಸಾವನ್ನು ಈಗ ಬರೆಯಲು ಕಾರಣವಿದೆ. ಅದನ್ನು ನಾವು ಹಿಂದೊಮ್ಮೆ ಕತೆಯಾಗಿ ಬರೆದಿದ್ದೆವು. ಆ ಕತೆಯಲ್ಲಿ ಒಂದು ಸುಳ್ಳಿತ್ತು. ಕತೆಯಲ್ಲಿ ಸುಳ್ಳಿದ್ದರೆ ತಪ್ಪೇನು ಎಂದು ಓದುಗರು ಕೇಳಬಹುದು. ಆದರೆ ಈ ಸುಳ್ಳಿಗೆ ಒಂದು ಮುಖವಿತ್ತು, ಒಂದು ಮನೆಯಿತ್ತು. ಆ ಮನೆ ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿತ್ತು.

ಚಳ್ಳಕೆರೆ ಸೀಮೆಯ ನಮ್ಮ ಊರಿನಲ್ಲಿ ಆಗ ಮುಸ್ಲಿಮರ ಮನೆಗಳು ಹದಿನಾಲ್ಕೋ ಹದಿನೈದೋ. ಊರಾಚೆ ಕುರುಬರ ಹಟ್ಟಿ. ಹಟ್ಟಿಯ ಹಿರಿಯರೊಬ್ಬರನ್ನು ನಾವು ಮಕ್ಕಳೆಲ್ಲ ‘ಕುರಿ ಅಜ್ಜ’ ಎಂದು ಕರೆಯುತ್ತಿದ್ದೆವು. ಪ್ರತಿ ಬಕ್ರೀದಿಗೂ ಅಬ್ಬಾ ಟಗರು ತರುತ್ತಿದ್ದುದು ಅವರ ರೊಪ್ಪದಿಂದಲೇ. ಅಜ್ಜ ಒಂದು ಬೆಲೆ ಹೇಳುವುದು, ಅಬ್ಬಾ ಐವತ್ತು ರೂಪಾಯಿ ಕಡಿಮೆ ಕೊಡುವುದು, ಹಬ್ಬದ ದಿನ ಮಾಂಸದ ಒಂದು ಪಾಲು ಹಟ್ಟಿಗೆ ಹೋಗುವುದು, ಇದೇ ಪದ್ಧತಿ.

ಆ ವರ್ಷ ಬಂದದ್ದು ಎರಡು ಹಲ್ಲಿನ ಕರಿಯ ಟಗರು, ಹಣೆಯಲ್ಲಿ ಬಿಳಿ ಚುಕ್ಕೆ. ತಮ್ಮ ಅದಕ್ಕೆ ನವಾಬ ಎಂದು ಹೆಸರಿಟ್ಟ. ಹುಟ್ಟಿದಾಗಿನಿಂದ ಬಯಲಿನ ಒಣಹುಲ್ಲು, ಜಾಲಿಯ ಕಾಯಿ ತಿಂದು ಬೆಳೆದ ಪ್ರಾಣಿ ನಮ್ಮ ಅಂಗಳಕ್ಕೆ ಬಂದು ನಿಜಕ್ಕೂ ನವಾಬನಾಯಿತು. ದಿನಕ್ಕೆ ಒಂದು ಮುಷ್ಟಿ ಜೋಳ, ಅದಕ್ಕಿಂತ ಹೆಚ್ಚು ಬೇಡ ಎಂದು ದಾದಿಯ ಹುಕುಂ. ಆದರೆ ಉರ್ದು ಶಾಲೆಯಲ್ಲಿ ಮಕ್ಕಳ ನಡುವೆ ಯಾರ ಮನೆಯ ಟಗರು ದಪ್ಪ ಎಂಬ ಪೈಪೋಟಿ ನಡೆದಿತ್ತು. ದಾದಿ ಮಲಗಿದ ಮೇಲೆ ನಾವು, ಅಂದರೆ ಇದನ್ನು ಬರೆಯುತ್ತಿರುವವರು ಮತ್ತು ತಮ್ಮ, ಕಣಜದಿಂದ ಜೋಳ ಕದ್ದು ತಿನ್ನಿಸುತ್ತಿದ್ದೆವು. ಕಡೆಯ ಸಂಜೆ ಅಬ್ಬಾ ಮಂಡಿಗೆ ಹೋಗಿದ್ದರು, ಅಮ್ಮಿ ಹೊಸ ಬಟ್ಟೆಗೆ ಗುಂಡಿ ಹಚ್ಚುತ್ತಿದ್ದರು. ನಾಳೆ ಇದು ಇರುವುದಿಲ್ಲ, ಇವತ್ತಾದರೂ ಹೊಟ್ಟೆ ತುಂಬಾ ತಿನ್ನಲಿ ಎಂದು ತಮ್ಮ ಅಳುತ್ತಾ ಹೇಳಿದ. ಎರಡು ಸೇರು ಜೋಳ, ಮೇಲೊಂದು ಹಿಡಿ ಶೇಂಗಾ ಹಿಂಡಿ. ನವಾಬ ಬೋಗುಣಿ ನೆಕ್ಕಿ ಖಾಲಿ ಮಾಡಿತು.

ರಾತ್ರಿ ಹಲ್ಲು ಕಡಿಯುವ ಸದ್ದಿಗೆ ಮನೆಯವರೆಲ್ಲ ಎದ್ದರು. ಟಗರು ಗೋಡೆಗೆ ತಲೆ ಒತ್ತಿ ನಿಂತಿತ್ತು. ಸ್ವಲ್ಪ ಹೊತ್ತಿಗೆ ನೆಲಕ್ಕೆ ಬಿತ್ತು. ಕುತ್ತಿಗೆ ಹಿಂದಕ್ಕೆ ಸೆಟೆದುಕೊಂಡಿತು, ಬಾಯಲ್ಲಿ ನೊರೆ, ನಾಲ್ಕೂ ಕಾಲು ಈಜುವಂತೆ ಆಡುತ್ತಿದ್ದವು. ಈಗಲೇ ಹಲಾಲ್ ಮಾಡಿಬಿಡಲೇ ಎಂದು ಅಬ್ಬಾ ಕೇಳಿದರು. ಹಬ್ಬದ ನಮಾಜ್ ಆಗದೆ ಕುರ್ಬಾನಿಯಿಲ್ಲ, ಕಾಯಿಲೆಯ ಮಾಂಸವನ್ನು ಯಾರ ಬಾಯಿಗಿಡುತ್ತೀಯ ಎಂದು ದಾದಿ ತಡೆದರು. ಫಜರಿನ ಆಜಾನ್ ಆಗುವ ಮೊದಲೇ ಎಲ್ಲ ಮುಗಿದಿತ್ತು. ಮುರ್ದಾರ್ ಎಂದು ಯಾರೋ ಅಂದರು. ನಮ್ಮ ಪುಟ್ಟ ತಮ್ಮನಿಗೆ ಆ ಪದ ಬೈಗುಳದಂತೆ ಕೇಳಿಸಿತು, ಮುಖ ಮುಚ್ಚಿಕೊಂಡ.

ಬೆಳಿಗ್ಗೆ ಅಬ್ಬಾ ಕುರಿ ಅಜ್ಜನನ್ನು ಕರೆಸಿದರು. ಅಜ್ಜ ಕುಕ್ಕರಗಾಲಲ್ಲಿ ಕುಳಿತು ಟಗರಿನ ಹೊಟ್ಟೆ ಒತ್ತಿ ನೋಡಿದರು, ಬಾಲವೆತ್ತಿ ಹಿಕ್ಕೆ ನೋಡಿದರು, ಬೆರಳಿನಲ್ಲಿ ಕೆದಕಿದರು. ನಂತರ ತಲೆಯೆತ್ತಿ ನಮ್ಮಿಬ್ಬರ ಕಡೆ ನೋಡಿದರು. ಆ ನೋಟ ಇವತ್ತಿಗೂ ನೆನಪಿದೆ.

“ಹೊಟ್ಟೆ ತುಂಬಿ ಸತ್ತೈತೆ ಸಾಬ್ರೆ,” ಎಂದರು.

ಅಬ್ಬಾಗೆ ಅದು ಕುಹಕವೆನಿಸಿತು. “ರೋಗದ ಕುರಿ ಮಾರಿದ್ದೀಯ ಕಣಪ್ಪ. ಇಲ್ಲಾ, ನಿಮ್ಮವರೇ ಯಾರೋ ಏನೋ ಹಾಕಿದ್ದಾರೆ” ಎಂದುಬಿಟ್ಟರು. ‘ನಿಮ್ಮವರೇ’ ಎಂಬ ಮಾತು ಆ ಅಂಗಳದಲ್ಲಿ ಅದಕ್ಕೂ ಮೊದಲು ಯಾರ ಬಾಯಲ್ಲೂ ಬಂದಿರಲಿಲ್ಲ. ಅಜ್ಜ ಮರುಮಾತಾಡಲಿಲ್ಲ. ಮಧ್ಯಾಹ್ನ ಅವರ ಮಗ ಬಂದು ಐನೂರು ರೂಪಾಯಿ ಕಟ್ಟೆಯ ಮೇಲಿಟ್ಟು ಹೋದ. ಅಬ್ಬಾ ತೆಗೆದುಕೊಂಡರು. ಜೋಳದ ವಿಷಯ ಗೊತ್ತಿದ್ದ ನಾವು ಬಾಯಿ ಬಿಡಲಿಲ್ಲ. ಬಾರುಕೋಲಿನ ಭಯ ಇತ್ತು, ನಿಜ. ಆದರೆ ಭಯ ಹೋದ ಮೇಲೂ ನಾವು ಹೇಳಲಿಲ್ಲವಲ್ಲ!

ದಾದಿ ಮಾತ್ರ ಹೂಳಿಸಿ ಬಂದವರಿಗೆ ಕೈ ತೊಳೆಯಲು ನೀರು ಹಾಕುತ್ತಾ “ಲಾಡ್ ಕರ್ ಕರ್ ಕೇ ಮಾರ್ ಡಾಲೇ” ಎಂದು ಗೊಣಗಿದ್ದರು. ಮುದ್ದು ಮಾಡಿ ಮಾಡಿ ಕೊಂದರು ಎಂದು. ಯಾರನ್ನು ಕುರಿತು ಹೇಳಿದರೆಂದು ಯಾರೂ ಕೇಳಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಕುರ್ಬಾನಿ ಆಗಲಿಲ್ಲ, ಹಟ್ಟಿಗೆ ಪಾಲೂ ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್ ಬಂತು. ಅಯೋಧ್ಯೆಯ ಸುದ್ದಿ ರೇಡಿಯೋದಲ್ಲಿ ಬಂದ ದಿನ ಊರಿನಲ್ಲಿ ಏನೂ ಆಗಲಿಲ್ಲ. ಆದರೆ ಹಟ್ಟಿಯಿಂದ ಯಾರೂ ನಮ್ಮ ಮನೆಗೆ ಬಂದು ಹೆದರಬೇಡಿ ಎನ್ನಲಿಲ್ಲ. ಜೂನ್ ತಿಂಗಳ ಜಗಳ ಇಲ್ಲದಿದ್ದರೆ ಅಜ್ಜ ಬಂದೇ ಬರುತ್ತಿದ್ದರು ಎಂದು ಅಮ್ಮಿ ಬಹಳ ಕಾಲ ಹೇಳುತ್ತಿದ್ದರು.

ಮುಂದೆ ಕತೆ ಬರೆಯಲು ಶುರು ಮಾಡಿದಾಗ ನಮಗೆ ಸುಲಭವಾಗಿ ಸಿಕ್ಕಿದ್ದು ಈ ಟಗರು. ಕತೆಯಲ್ಲಿ ರಾತ್ರಿ ಹಿತ್ತಿಲು ಹಾರಿ ಬಂದವನೊಬ್ಬ ಟಗರಿಗೆ ವಿಷ ಹಾಕುತ್ತಾನೆ. ಕಾಲಕ್ಕೆ ಕನ್ನಡಿ ಹಿಡಿದ ಕತೆ ಎಂದು ಪತ್ರಗಳು ಬಂದವು. ಉಬ್ಬಿದೆವು.

ಕೆಲವು ವರ್ಷಗಳ ಕೆಳಗೆ ತಮ್ಮನ ಮಗ ಸಾಲ ಮಾಡಿ ಇಪ್ಪತ್ತು ಕುರಿ ಕಟ್ಟಿದ. ಮುಂಗಾರಿನ ಮೊದಲ ಮಳೆಗೆ ಎಳೆ ಹುಲ್ಲು ಚಿಗುರಿದ ವಾರದಲ್ಲೇ ಎರಡು ಮರಿಗಳು ರಾತ್ರೋರಾತ್ರಿ ಸತ್ತವು. ಅದೂ ಮಂದೆಯಲ್ಲೇ ಕೊಬ್ಬಿದ್ದ ಎರಡು. ಪಶುವೈದ್ಯರು ಬಂದು ಕೊಯ್ದು ನೋಡಿದರು. ಹೃದಯದ ಸುತ್ತ ಹಳದಿ ನೀರು ತುಂಬಿತ್ತು, ಮೂತ್ರಪಿಂಡ ಮುಟ್ಟಿದರೆ ಕೊಳೆತ ಹಣ್ಣಿನಂತೆ ಮೆತ್ತಗಿತ್ತು. ‘ಇ.ಟಿ.’ ಎಂದರು ಡಾಕ್ಟರು. ಕರುಳು ಬೇನೆ. ಸಾಯುವ ಮುನ್ನ ಏನು ಮಾಡಿದವು ಎಂದು ಅವರು ಕೇಳಿದಾಗ ಹುಡುಗ ಹೇಳಿದ್ದು: ತಲೆ ಗೋಡೆಗೆ ಒತ್ತಿದವು, ಕುತ್ತಿಗೆ ಸೆಟೆಯಿತು, ಕಾಲು ಈಜುವಂತೆ ಆಡಿದವು. ನಾವೂ ತಮ್ಮನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಮೇಲೆ ಆ ಡಾಕ್ಟರರ ಬೆನ್ನು ಬಿದ್ದು ನಾವು ತಿಳಿದುಕೊಂಡದ್ದು ಇಷ್ಟು. ಈ ರೋಗ ತರುವ ಸೂಕ್ಷ್ಮಾಣು ಹೊರಗಿನಿಂದ ಬಂದ ಶತ್ರುವಲ್ಲ. ಅದರ ಹೆಸರು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಅಮೆರಿಕದ ಬಾಲ್ಟಿಮೋರ್‌ನಲ್ಲಿ ವಿಲಿಯಂ ವೆಲ್ಚ್ ಮತ್ತು ಜಾರ್ಜ್ ನಟಾಲ್ ಎಂಬ ವೈದ್ಯರು ಒಂದು ಶವದಲ್ಲಿ ಕಂಡ ಇದರ ವಿವರವನ್ನು 1892ರಲ್ಲಿ ಪ್ರಕಟಿಸಿದರು. ಮಣ್ಣಿನಲ್ಲಿ, ಸಗಣಿಯಲ್ಲಿ, ಮನುಷ್ಯರ ಕರುಳಲ್ಲೂ ಇದರ ಬಗೆಗಳಿವೆ. ಕುರಿಗೆ ಕಂಟಕವಾಗುವುದು ‘ಡಿ’ ಬಗೆ. ಆರೋಗ್ಯವಾಗಿರುವ ಕುರಿಯ ಕರುಳಲ್ಲೂ ಅದು ಅಷ್ಟಿಷ್ಟು ಇರಬಲ್ಲದು, ತೊಂದರೆ ಕೊಡುವುದಿಲ್ಲ. ಅದು ಹೊರಬಿಡುವ ಚೂರುಪಾರು ನಂಜು ಕರುಳಿನ ಚಲನೆಯಲ್ಲಿ ತೊಳೆದು ಹೋಗುತ್ತದೆ.

ಹುಲ್ಲು ತಿನ್ನುವ ಪ್ರಾಣಿಗೆ ಒಮ್ಮೆಲೇ ಕಾಳು ಸುರಿದಾಗ ಲೆಕ್ಕ ತಪ್ಪುತ್ತದೆ. ಮೆಲುಕು ಹಾಕುವ ಹೊಟ್ಟೆಗೆ ಅಷ್ಟು ಪಿಷ್ಟವನ್ನು ಕರಗಿಸುವ ಅಭ್ಯಾಸವಿಲ್ಲ. ಕರಗದ ಪಿಷ್ಟ ಸಣ್ಣ ಕರುಳಿಗೆ ಜಾರುತ್ತದೆ. ಅಲ್ಲಿ ಮೂಲೆಯಲ್ಲಿ ಕುಳಿತಿದ್ದವಕ್ಕೆ ಅದೇ ಹಬ್ಬದೂಟ. ಅನುಕೂಲ ಒದಗಿದರೆ ಈ ಸೂಕ್ಷ್ಮಾಣು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದಂತೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಐದು ಗಂಟೆಯಲ್ಲಿ ಎಷ್ಟಾದೀತು ಎಂದು ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ನೂರು ಕೋಟಿ ದಾಟಿತು. ಕರುಳಲ್ಲಿ ಲೆಕ್ಕ ಅಷ್ಟು ನೇರ ನಡೆಯುವುದಿಲ್ಲ ಎಂದು ಡಾಕ್ಟರು ನಕ್ಕರು. ಆದರೂ ಒಂದು ರಾತ್ರಿ ಸಾಕು. ಅದು ಬಿಡುವ ಎಪ್ಸಿಲಾನ್ ಎಂಬ ನಂಜು ಹುಟ್ಟುವಾಗ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸುವುದು ಕುರಿಯದೇ ಜೀರ್ಣರಸ, ಟ್ರಿಪ್ಸಿನ್. ಎದ್ದ ನಂಜು ಕರುಳಿನ ಗೋಡೆಯನ್ನು ಸೋರುವಂತೆ ಮಾಡಿ, ರಕ್ತಕ್ಕಿಳಿದು, ಮಿದುಳು ಮತ್ತು ಮೂತ್ರಪಿಂಡ ಸೇರುತ್ತದೆ. ಆಮೇಲೆ ಯಾವ ಔಷಧಿಯೂ ಸಾಮಾನ್ಯವಾಗಿ ಕೈಗೆ ಹತ್ತುವುದಿಲ್ಲ.

ನಮ್ಮ ನವಾಬ ಸತ್ತದ್ದೂ ಇದರಿಂದಲೇ ಎಂದು ಡಾಕ್ಟರು ಖಡಾಖಂಡಿತ ಹೇಳಲಿಲ್ಲ. ಅತಿಯಾಗಿ ಕಾಳು ತಿಂದರೆ ಹೊಟ್ಟೆ ಹುಳಿಯೇರಿಯೂ ಸಾಯಬಹುದು, ಕೊಯ್ದು ನೋಡದೆ ಹೇಳಲಾಗದು ಎಂದರು. ಲಕ್ಷಣ ನೋಡಿದರೆ ಇದೇ ಇರಬೇಕು. ಎರಡರಲ್ಲಿ ಯಾವುದಾದರೂ ಜೋಳದ ಬೋಗುಣಿ ಮಾತ್ರ ನಮ್ಮ ಕೈಯಲ್ಲೇ ಉಳಿಯುತ್ತದೆ.

ಅವರು ಹೇಳಿದ ಇನ್ನೊಂದು ಮಾತು ನಮ್ಮನ್ನು ಬಹಳ ದಿನ ಕಾಡಿತು. ಈ ಬೇನೆ ಬಡಕಲು ಮರಿಯನ್ನು ಮುಟ್ಟುವುದು ಕಡಿಮೆ. ತಾಯಿಗೆ ಒಂಟಿ ಮರಿಯಾಗಿ ಹಾಲೆಲ್ಲ ತಾನೇ ಕುಡಿದದ್ದು, ನುಗ್ಗಿ ಹೆಚ್ಚು ಮೇಯುವುದು, ನೋಡಿದವರು ಆಹಾ ಎನ್ನುವಂಥದ್ದು, ಅದನ್ನೇ ಹುಡುಕಿ ಹೊಡೆಯುತ್ತದೆ. ಚೆಂದದ ಮರಿ ಸತ್ತಾಗಲೆಲ್ಲ ನಮ್ಮ ಮನೆಗಳಲ್ಲಿ ‘ನಜರ್’ ಎಂದರು, ಹಟ್ಟಿಯಲ್ಲಿ ‘ದೃಷ್ಟಿ’ ಎಂದರು. ಮೆಣಸಿನಕಾಯಿ ನಿವಾಳಿಸಿದ್ದು ಎರಡೂ ಕಡೆ ಒಂದೇ. ನಾವು ಓದು ಕಲಿತವರು ಅದನ್ನು ಮೂಢನಂಬಿಕೆ ಎಂದು ಬರೆದದ್ದೂ ಉಂಟು. ಕಾರಣ ತಪ್ಪಿದ್ದರೂ ಅವರ ಕಣ್ಣು ತಪ್ಪಿರಲಿಲ್ಲ. ಚೆನ್ನಾಗಿರುವುದೇ ಮೊದಲು ಹೋಗುತ್ತದೆ ಎಂಬುದನ್ನು ಅವರು ತಲೆಮಾರುಗಳಿಂದ ನೋಡುತ್ತಲೇ ಬಂದಿದ್ದರು.

ಹಬ್ಬದೂಟಕ್ಕೂ ಈ ಸೂಕ್ಷ್ಮಾಣುವಿಗೂ ಇರುವ ನಂಟು ಕುರಿಗಳಿಗೇ ಮುಗಿಯುವುದಿಲ್ಲ. ಪಾಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ದೊಡ್ಡ ಔತಣಗಳಾದ ಮೇಲೆ ಮಕ್ಕಳು ಕರುಳು ಕೊಳೆತು ಸಾಯುತ್ತಿದ್ದರು. ವರ್ಷವಿಡೀ ಗೆಣಸು, ಅಪರೂಪಕ್ಕೊಮ್ಮೆ ಹೊಟ್ಟೆ ಬಿರಿಯ ಹಂದಿಮಾಂಸ. ಅಲ್ಲಿ ಕೊಲ್ಲುತ್ತಿದ್ದುದು ಇದೇ ಸೂಕ್ಷ್ಮಾಣುವಿನ ‘ಸಿ’ ಬಗೆ ಎಂದು 1960ರ ದಶಕದಲ್ಲಿ ತಿಳಿಯಿತು. ಅದರ ನಂಜನ್ನು ಟ್ರಿಪ್ಸಿನ್ ಎಬ್ಬಿಸುವುದಿಲ್ಲ, ಕೊಲ್ಲುತ್ತದೆ. ಆದರೆ ಗೆಣಸಿನಲ್ಲಿರುವ ಒಂದು ಅಂಶ ಟ್ರಿಪ್ಸಿನ್ನಿನ ಕೈ ಕಟ್ಟಿಹಾಕುತ್ತದೆ, ಬಡವರ ಮಕ್ಕಳ ಹೊಟ್ಟೆಯಲ್ಲಿ ಅದು ಇರುವುದೂ ಕಡಿಮೆ. ಕುರಿಯನ್ನು ಕೊಲ್ಲಿಸುವ ರಸವೇ ಮಗುವನ್ನು ಕಾಯುತ್ತದೆ ಎಂದರೆ ಇದಕ್ಕೇನು ಹೇಳೋಣ? 1980ರ ದಶಕದಲ್ಲಿ ಅಲ್ಲಿ ಮಕ್ಕಳಿಗೆ ಲಸಿಕೆ ಹಾಕಿದ ಮೇಲೆ ಸಾವು ತಗ್ಗಿತು.

ಕುರಿಗೂ ಲಸಿಕೆಯಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ದನಗಳ ದೊಡ್ಡ ರೋಗಕ್ಕೆಂದು ಆರಂಭವಾದ ಸೀರಂ ಸಂಸ್ಥೆಯೇ ಇಂದು ನಮ್ಮ ರಾಜ್ಯಕ್ಕೆ ಜಾನುವಾರು ಲಸಿಕೆ ಮಾಡಿಕೊಡುತ್ತದೆ. ದೊಡ್ಡ ರೋಗ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಸಾರಿದರು. ಕರುಳು ಬೇನೆಯನ್ನು ಹಾಗೆ ತೊಲಗಿಸಲಾಗದು, ಅದರ ಮನೆಯೇ ಮಣ್ಣು ಮತ್ತು ಕರುಳು. ಲಸಿಕೆಯೆಂದರೆ ಅದೇ ನಂಜಿನ ಹಲ್ಲು ಕಿತ್ತ ರೂಪ. ಮೊದಲ ಸಲ ಎರಡು ಮೂರು ವಾರದ ಅಂತರದಲ್ಲಿ ಎರಡು ಸೂಜಿ, ಆಮೇಲೆ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು. ಗಬ್ಬದ ಕುರಿಗೆ ಈಯುವ ತಿಂಗಳ ಮುನ್ನ ಹಾಕಿದರೆ ಗಿಣ್ಣದ ಹಾಲಿನಲ್ಲಿ ಮರಿಗೂ ರಕ್ಷಣೆ ಹೋಗುತ್ತದೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ತಂದ ಟಗರಿಗೆ ಅವತ್ತು ಸೂಜಿ ಹಾಕಿಸಿದರೆ ಪ್ರಯೋಜನವಿಲ್ಲ. ಕಾಳು ಕೊಡುವುದಾದರೆ ಒಂದು ಮುಷ್ಟಿಯಿಂದ ಶುರುಮಾಡಿ ಹತ್ತು ಹದಿನೈದು ದಿನದಲ್ಲಿ ನಿಧಾನಕ್ಕೆ ಏರಿಸಬೇಕು. ದಾದಿಯ ಹುಕುಮೂ ಅದೇ ಆಗಿತ್ತು.

ಇಷ್ಟು ತಿಳಿದ ಮೇಲೂ ಹಟ್ಟಿಗೆ ಹೋಗಲು ನಮಗೆ ಹಲವು ತಿಂಗಳು ಬೇಕಾಯಿತು. ಅಜ್ಜ ತೀರಿಕೊಂಡು ಬಹಳ ವರ್ಷವಾಗಿತ್ತು. ಅಬ್ಬಾ ಕೂಡ ಇಲ್ಲ. ಐನೂರು ರೂಪಾಯಿ ಕಟ್ಟೆಯ ಮೇಲಿಟ್ಟು ಹೋಗಿದ್ದ ಮಗನಿಗೆ ಈಗ ಮೀಸೆಯೆಲ್ಲ ಬೆಳ್ಳಗೆ. ನಾವೂ ತಮ್ಮನೂ ರೊಪ್ಪದ ಮುಂದೆ ಕಂಬಳಿಯ ಮೇಲೆ ಕುಳಿತು ಜೋಳದ ವಿಷಯ ಹೇಳಿದೆವು. ಆತ ಬೀಡಿ ಹಚ್ಚಿಕೊಂಡು ಕೇಳಿದರು.

“ನಮ್ಮಪ್ಪಂಗೆ ಅವತ್ತೇ ಗೊತ್ತಿತ್ತು ಸಾಬ್ರೆ. ಹಿಕ್ಕೇಲಿ ಕಾಳು ಕಂಡೈತೆ. ಹುಡುಗ್ರು ಆಸೆಗೆ ತಿನ್ಸವೆ, ಹೇಳಿದ್ರೆ ಹಬ್ಬದ ದಿನ ಹೊಡೆತ ತಿಂತವೆ, ಸುಮ್ನಿರು ಅಂದ.”

ನಮಗೆ ಮಾತು ಹೊರಡಲಿಲ್ಲ. ಅಬ್ಬಾನನ್ನು ಕರೆಯುತ್ತಿದ್ದ ‘ಸಾಬ್ರೆ’ ಎಂಬ ಕರೆ ಈಗ ನಮಗೆ ಬಂದಿತ್ತು.

“ದುಡ್ಡಿಗೆ ಮಾತ್ರ ಬೇಜಾರಾತು,” ಎಂದರು ಆತ, ಸ್ವಲ್ಪ ಹೊತ್ತು ಬಿಟ್ಟು. “ಅಕ್ಕನ ಬಾಣಂತನಕ್ಕೆ ಇಟ್ಕಂಡಿದ್ದು.”

ಕಾಲೇಜು ಓದುವ ಅವರ ಮಗಳು ಬಾಗಿಲಲ್ಲಿ ನಿಂತಿದ್ದಳು. ಗ್ರಂಥಾಲಯದಲ್ಲಿ ನಮ್ಮ ಕತೆ ಓದಿದ್ದಾಳೆ. “ಹಿತ್ತಿಲು ಹಾರಿ ಬಂದೋನು ನಮ್ಮ ತಾತಾನಾ ಸಾರ್?” ಎಂದು ಕೇಳಿದಳು. ಅಲ್ಲಮ್ಮ, ಯಾರೂ ಬಂದಿರಲಿಲ್ಲ ಎಂದೆವು. ಹಾಗಿದ್ದರೆ ಹಾಗೆ ಯಾಕೆ ಬರೆದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಲು ನಮ್ಮಲ್ಲಿ ಉತ್ತರವಿರಲಿಲ್ಲ.

ಜೇಬಿನಲ್ಲಿ ಒಂದಿಷ್ಟು ಹಣ ಇಟ್ಟುಕೊಂಡು ಹೋಗಿದ್ದೆವು. ಕೊಡಲು ಹೋದಾಗ ಆತ ಕೈ ಹಿಂದಕ್ಕೆ ಎಳೆದುಕೊಂಡರು. “ಅದೆಲ್ಲ ಬ್ಯಾಡ. ಹಬ್ಬ ಬಂತಲ್ಲ, ಇವತ್ತಿನ ರೇಟಿಗೆ ಒಂದು ಟಗರು ಹಿಡ್ಕಂಡು ಹೋಗ್ರಿ.”

ಇವತ್ತಿನ ರೇಟು ಕೇಳಿ ತಮ್ಮನಿಗೆ ಕೆಮ್ಮು ಬಂತು. ಐವತ್ತು ರೂಪಾಯಿ ಕೂಡ ಕಡಿಮೆ ಮಾಡಲಿಲ್ಲ ಆತ. ಎರಡೂ ಸೂಜಿ ಆಗಿವೆ ಎಂದು ಟಗರಿನ ಕಿವಿಯ ಓಲೆ ತೋರಿಸಿದರು. ಹಗ್ಗ ನಮ್ಮ ಕೈಗೆ ಕೊಡುವಾಗ ಮಾತ್ರ, “ಮನೇಲಿ ಮಕ್ಕಳವಾ?” ಎಂದು ಕೇಳಿದರು.