ತೂಬಿನ ಆಚೆ ಕುಂತವರು

ನಮ್ಮ ತಾತ ಹೇಮಗಿರಿ ನಾಲೆಯ ನೀರಗಂಟಿ. ಹೇಮಾವತಿಗೆ ಅಡ್ಡ ಕಟ್ಟಿದ ಆ ಹಳೇ ಅಣೆಯಿಂದ ಇಳಿದು ಬರೋ ನೀರನ್ನ ಯಾವ ಹೊತ್ತಲ್ಲಿ ಯಾರ ಗದ್ದೆಗೆ ಬಿಡಬೇಕು ಅನ್ನೋದು ಅವನ ಕೈಲಿತ್ತು ಅಂತ ಹೊರಗಿನವರು ಅಂದುಕೊಳ್ಳಬಹುದು. ತೂಬು ಎತ್ತೋ ಕೈ ಅವನದು, ಎತ್ತು ಅನ್ನೋ ಬಾಯಿ ಬೇರೆಯವರದು. ನಡುರಾತ್ರಿ ಲಾಟೀನು ಹಿಡಿದು ಮೇಲಿನ ಗದ್ದೆಗಳಿಗೆಲ್ಲ ನೀರು ಕಟ್ಟಿ ಬರುತ್ತಿದ್ದವನ ಸ್ವಂತ ತುಂಡು ಜಮೀನು ಇದ್ದದ್ದು ನಾಲೆಯ ಬಾಲದಲ್ಲಿ. ಬೇಸಿಗೆಯಲ್ಲಿ ಅಲ್ಲಿಗೆ ನೀರು ತಲುಪಿದ್ದನ್ನ ನಮ್ಮಪ್ಪ ನೋಡಿಲ್ಲ.

ಈ ಮಾತು ಯಾಕೆ ಎತ್ತಿದೆ ಅಂದರೆ, ಸರ್ವರಿನಲ್ಲಿ ಓಡುವ ಪ್ರೋಗ್ರಾಂ ಅಂದರೇನು ಅಂತ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಆ ತೂಬಿನಿಂದ.

2009ರಲ್ಲಿ ಮೈಸೂರಿನ ಒಂದು ತರಬೇತಿ ಕೇಂದ್ರದಲ್ಲಿ ಪಿಎಚ್‌ಪಿ ಕಲಿಯೋಕೆ ಸೇರಿದೆ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಅನ್ನೋನು ತನ್ನ ಪುಟವನ್ನ ಯಾರು ಯಾರು ಬಂದು ನೋಡಿದರು ಅಂತ ಲೆಕ್ಕ ಇಡೋಕೆ ಬರೆದುಕೊಂಡದ್ದು ಅದು. 1995ರಲ್ಲಿ ಊರಿಗೆಲ್ಲ ಹಂಚಿದ. ನಾನು ಬರೆದ ಮೊದಲ ಸಾಲು 'ಎಕೋ', ಅದರ ಮುಂದೆ 'ನಮಸ್ಕಾರ'. ಫೈಲಿನ ಮೇಲೆ ಎರಡು ಸಲ ಒತ್ತಿದೆ. ನಮಸ್ಕಾರ ಬರಲಿಲ್ಲ, ನಾನು ಬರೆದ ಕೋಡೇ ಹಂಗಂಗೇ ಬಂದು ಕುಂತಿತು. ಎರಡು ದಿನ ತಲೆ ಚಚ್ಚಿಕೊಂಡೆ. ಕೇಳೋಕೆ ನಾಚಿಕೆ. ಪಕ್ಕದವರೆಲ್ಲ ಇಂಗ್ಲಿಷಿನಲ್ಲಿ ಓದಿ ಬಂದವರು. ಕೊನೆಗೆ ತಿಳಿದದ್ದಿಷ್ಟೇ: ಫೈಲನ್ನ ನೇರವಾಗಿ ತೆರೆದರೆ ಅದು ಬರೀ ಕಾಗದ. ಅಪಾಚೆ ಅನ್ನೋ ಸರ್ವರನ್ನ ನಮ್ಮ ಯಂತ್ರದಲ್ಲೇ ಎಬ್ಬಿಸಿ, ಫೈಲನ್ನ ಅದರ ಗೂಡಿನಲ್ಲಿಟ್ಟು, ವಿಳಾಸದ ಜಾಗದಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದು ಕೇಳಬೇಕು. ಕೇಳಿದಾಗ ಮಾತ್ರ ಅದು ಕೋಡನ್ನ ಓದಿ, ಪುಟವನ್ನ ಆಗಲೇ ತಯಾರು ಮಾಡಿ ಕಳಿಸುತ್ತೆ. ಕೇಳಿದವನು ಬೇರೆಯಾದರೆ ಪುಟವೂ ಬೇರೆ.

ನಮಸ್ಕಾರ ಬಂತು. ಪುಟದ ಮೂಲ ತೆರೆದು ನೋಡಿದೆ. ನಾನು ಬರೆದ 'ಎಕೋ' ಅಲ್ಲೆಲ್ಲೂ ಇಲ್ಲ! ಕೇಳಿದವನಿಗೆ ಸಿಗೋದು ಬರೀ ಫಲ. ಹಿಂದಿನ ಆಜ್ಞೆ ತೂಬಿನ ಆಚೆಯೇ ಉಳಿಯುತ್ತೆ. ಗದ್ದೇಲಿ ನಿಂತವನಿಗೆ ನೀರು ಬಂತೋ ಇಲ್ಲವೋ ಅಷ್ಟೇ ಗೊತ್ತು.

ಆ ಕ್ಲಾಸಿನ ಇನ್ನೊಂದು ಮಾತು ಮರೆಯೋಕಾಗಿಲ್ಲ. ಹೊರಗಿನವರು ತುಂಬಿ ಕಳಿಸಿದ್ದನ್ನ ನಂಬಬಾರದು, ತೊಳೆದು ಒಳಗೆ ಬಿಟ್ಟುಕೊಳ್ಳಬೇಕು ಅಂತ ಹೇಳುತ್ತಾ ಮೇಷ್ಟ್ರು, 'ಒಂಥರಾ ಮೈಲಿಗೆ ಡಾಟಾ' ಅಂದರು. ಕ್ಲಾಸೆಲ್ಲ ನಕ್ಕಿತು. ನಾನು ಕೀಬೋರ್ಡು ನೋಡುತ್ತಾ ಕುಂತೆ. ಅವರು ಹೇಳಿದ ಪಾಠ ಸರಿಯಾದದ್ದೇ, ಅದನ್ನ ನಾನೂ ಪಾಲಿಸುತ್ತೇನೆ. ಆಜ್ಞೆಯನ್ನ ಮೊದಲು ಕಳಿಸಿ, ಹೊರಗಿಂದ ಬಂದದ್ದನ್ನ ಆಮೇಲೆ ಬೇರೆಯಾಗಿ ಕಳಿಸಿದರೆ ಅದು ಎಂದೂ ಆಜ್ಞೆ ಆಗಲಾರದು. ಒಳ್ಳೇ ಉಪಾಯ. ಆದರೆ ಅದನ್ನ ಬರೆಯುವಾಗೆಲ್ಲ ಆ ನಗು ಕೇಳಿಸುತ್ತೆ.

ಅಭ್ಯಾಸಕ್ಕೆ ಅಂತ ನಮ್ಮ ಕೇರಿಯವರ ಜಮೀನಿನ ಪಟ್ಟಿಯನ್ನ ಡೇಟಾಬೇಸಿಗೆ ಹಾಕಿದೆ. ತಾತನ ಹೆಸರು ಕರಿಯ. ಪುಟದಲ್ಲಿ ಬಂದದ್ದು ನಾಲ್ಕು ಪ್ರಶ್ನೆಚಿಹ್ನೆ. ನಾನು ಮಾಡಿದ್ದ ಕೋಷ್ಟಕ ಲ್ಯಾಟಿನ್-1 ಅನ್ನೋ ಲಿಪಿಸಂಕೇತದ್ದು. ಅದರಲ್ಲಿ ಇರೋದೇ 256 ಜಾಗ, ಎಲ್ಲ ಪಶ್ಚಿಮ ಯುರೋಪಿನ ಅಕ್ಷರಗಳಿಗೆ. ಯೂನಿಕೋಡಿನಲ್ಲಿ ಕನ್ನಡಕ್ಕೆ ಅಂತಲೇ 128 ಮನೆ ಬಿಟ್ಟಿದ್ದಾರೆ, ಕೋಷ್ಟಕವನ್ನ ಯುಟಿಎಫ್-8ಕ್ಕೆ ಬದಲಾಯಿಸಿದರೆ ಸರಿಹೋಗುತ್ತೆ ಅಂತ ಗೊತ್ತಾಗೋಕೆ ವಾರ ಹಿಡಿಯಿತು. ಅದೇ ಪಟ್ಟಿಯಲ್ಲಿ ಇನ್ನೊಂದು ಕಡೆ ತಾತ ಏಳು ಪ್ರಶ್ನೆಚಿಹ್ನೆಯಾಗಿದ್ದ. ಅಲ್ಲಿ ಅವನು ಕರಿಯಯ್ಯ.

ಆ ಮೂರು ಹೆಚ್ಚಿನ ಚಿಹ್ನೆಯ ಕತೆಯೇ ನಮ್ಮ ಮನೆಯ ಕತೆ.

ನೀರಗಂಟಿಕೆಗೆ ಬಿಟ್ಟಿದ್ದ ಇನಾಂ ಜಮೀನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಮೇಲೆ ತಾತನಿಗೇ ಮರುಮಂಜೂರಾಯಿತು. ಪುಸ್ತಕದಲ್ಲಿ ಬರೆದದ್ದು 'ಕರಿಯ'. ಮೇಲಿನ ಸಾಲುಗಳಲ್ಲಿ ಗೌಡ, ಅಯ್ಯ, ಶೆಟ್ಟಿ ಎಲ್ಲಾ ಇದ್ದವು. ನಮ್ಮವರ ಸಾಲಿಗೆ ಬರುವಾಗ ಶಾಯಿ ಮುಗಿಯಿತೇನೋ. ತಾತ ಸತ್ತಾಗ ಮರಣ ಪತ್ರ ಬರೆಸೋಕೆ ಹೋದ ಅಪ್ಪ ಗಟ್ಟಿಯಾಗಿ 'ಕರಿಯಯ್ಯ' ಅಂತ ಬರೆಸಿದ. ಬದುಕಿದ್ದಾಗ ಯಾರೂ ಕೊಡದ ಅಯ್ಯ.

2000ದ ಆಸುಪಾಸಿನಲ್ಲಿ ಸರ್ಕಾರ 'ಭೂಮಿ' ಅಂತ ರಾಜ್ಯದ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ಸುಮಾರು 2 ಕೋಟಿ ದಾಖಲೆ. 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು. ಲೆಕ್ಕಿಗರ ಮನೆ ಜಗಲಿಯ ಕೆಳಗೆ ಕಾಯೋದು ತಪ್ಪಿತಲ್ಲ, ಅದನ್ನ ಸಣ್ಣದು ಅನ್ನಲಾರೆ. ಆದರೆ ಒಳಗೆ ಹೋದದ್ದು ಹಳೇ ಪುಸ್ತಕದ ಅಕ್ಷರಗಳೇ. 9ನೇ ಕಾಲಮ್ಮಿನಲ್ಲಿ ಕರಿಯ ಹಂಗೇ ಕುಂತ.

ಪೌತಿ ಖಾತೆಗೆ ಅಪ್ಪ ಒಂದು ಕಚೇರಿಗೆ ಅರ್ಜಿ ಹಿಡಿದು ಹೋದ. 'ಕರಿಯ ಬೇರೆ, ಕರಿಯಯ್ಯ ಬೇರೆ. ಕಂಪ್ಯೂಟರ್ ತಗಳಲ್ಲ' ಅಂದರು. ಅಪ್ಪ ಮನೆಗೆ ಬಂದು ನನ್ನನ್ನ ಕೇಳಿದ:

'ನೀನು ಅದನ್ನೇ ಓದಿದ್ದೀಯಲ್ಲ ಮಗ. ಅದ್ಯಾಕೆ ತಗಳಲ್ವಂತೆ?'

'ಎರಡು ಹೆಸರೂ ಒಂದೇ ಇರಬೇಕು ಕನಪ್ಪ. ಒಂದಕ್ಷರ ಹೆಚ್ಚಾದ್ರೂ ಅದು ಬೇರೆ ಅನ್ನುತ್ತೆ.'

'ಅನ್ನೋದು ಯಾರು? ಅದರೊಳಗೆ ಯಾರಾದರೂ ಕುಂತವ್ರಾ?'

'ಯಾರೂ ಇಲ್ಲ. ಹಿಂಗಿದ್ರೆ ಬಿಡು, ಹಂಗಿದ್ರೆ ಬಿಡಬ್ಯಾಡ ಅಂತ ಬರೆದಿಟ್ಟಿರ್ತಾರೆ.'

'ಬರೆದೋನಿಗೆ ನಮ್ಮಪ್ಪನ ಗೊತ್ತಿತ್ತಾ?'

ನಾನು ಬರೆಯೋ ಪ್ರೋಗ್ರಾಮುಗಳಲ್ಲೂ 'ಇಫ್' ಅನ್ನೋ ಆ ಸಾಲು ದಿನಕ್ಕೆ ಹತ್ತು ಸಲ ಬರುತ್ತೆ. ಎರಡು ಸಮ ಚಿಹ್ನೆ ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಅವತ್ತು ರಾತ್ರಿ ಹೆಸರಿನ ಕೊನೆಯ 'ಯ್ಯ' ಬಿಟ್ಟು, ತಂದೆಯ ಹೆಸರು, ಸರ್ವೆ ನಂಬರು ಇಟ್ಟುಕೊಂಡು ತಾಳೆ ನೋಡುವಂತೆ ಒಂದು ಪುಟ ಬರೆದೆ. ಒಂದೇ ಆಗಿರಬಹುದಾದವರನ್ನ ಅದು ತೋರಿಸುತ್ತೆ ಅಷ್ಟೇ, ತೀರ್ಮಾನ ಮನುಷ್ಯರದು. ಓಡಿಸಿದರೆ ನಮ್ಮ ಕೇರಿಯ ಪಟ್ಟಿಯಲ್ಲಿ ತಾತ ಒಬ್ಬನೇ ಇರಲಿಲ್ಲ. ಕಾಳ, ಕಾಳಯ್ಯ, ಮರಿಯ, ಮರಿಯಯ್ಯ, ಹೆಂಗಸರಲ್ಲಿ ದೇವಿ, ದೇವಮ್ಮ. ಮಕ್ಕಳು ಕೊಟ್ಟ ಮರ್ಯಾದೆಯೇ ಮಕ್ಕಳಿಗೆ ಅಡ್ಡ ಬಂದಿತ್ತು.

ಆ ಪಟ್ಟಿಯನ್ನ ಮುದ್ರಿಸಿ, ಇಬ್ಬರೂ ಒಬ್ಬರೇ ಅನ್ನೋ ಅಫಿಡವಿಟ್ಟು ಸೇರಿಸಿ, ಒಬ್ಬೊಬ್ಬರಿಗೂ ಬೇರೆ ಬೇರೆ ಅರ್ಜಿ ಬರೆದು ಕೊಟ್ಟೆವು. ಅಪ್ಪನಿಗೆ ಒಂದು ದಾರಿ ಸುಲಭವಿತ್ತು, ಮರಣ ಪತ್ರದಲ್ಲಿ 'ಯ್ಯ' ತೆಗೆಸೋದು. ಕಿಟಕಿಯವರೂ ಅದನ್ನೇ ಹೇಳಿದರು. 'ಪಹಣೀಲಿ ಸೇರಿಸಿ ಬುದ್ದಿ, ಇಲ್ಲಿ ತೆಗೀಬ್ಯಾಡಿ' ಅಂತ ಹೇಳಿ ಅಪ್ಪ ಹೆಬ್ಬೆಟ್ಟು ಒತ್ತಿ ಬಂದ. ಅದಕ್ಕೆ ಇನ್ನೂ ಹಿಂಬರಹ ಬಂದಿಲ್ಲ.